ಯಾವ ಚೌಕ ನಿನ್ನದು

ಗರಗಸ ನನ್ನ ಎಡಗೈಯ ಮೂರು ಬೆರಳು ತೆಗೆದುಕೊಂಡ ಮೇಲೆ ಮರದ ಮಿಲ್ಲಿನವರು ಐವತ್ತನಾಲ್ಕು ಸಾವಿರ ಸೆಡಿ ಪರಿಹಾರ ಕೊಟ್ಟರು. ಬೆರಳಿಗೆ ಹದಿನೆಂಟು ಸಾವಿರ. ಈ ಲೆಕ್ಕ ನನ್ನದಲ್ಲ, ಅಮ್ಮನದು. ಟಾಕೊರಾಡಿಯ ಬಂದರು ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಂಕೆ, ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಉಂಡೆ, ಬೇಯಿಸಿ ಮಾರುವವಳು ಅವಳು. ಹಿಟ್ಟು ಕಂಡರೂ ದುಡ್ಡು ಕಂಡರೂ ಮೊದಲು ಉಂಡೆ ಎಷ್ಟಾಗುತ್ತದೆ ಎಂದು ನೋಡುವುದು ಅವಳ ಅಭ್ಯಾಸ.

ಆ ಮಿಲ್ಲಿನಲ್ಲಿ ನಾನು ಆರು ವರ್ಷ ದುಡಿದೆ. ಆರು ವರ್ಷದಲ್ಲಿ ಒಬ್ಬನಾದರೂ ನನ್ನನ್ನು ಕರೆದು ‘ಎಬೊ, ನಿನಗೇನನ್ನಿಸುತ್ತೆ’ ಎಂದು ಕೇಳಿದ್ದಿಲ್ಲ. ಗರಗಸಕ್ಕೆ ಮುಚ್ಚಳ ಇಲ್ಲ ಎಂದು ನಾನಾಗಿ ಹೋಗಿ ಹೇಳಿದಾಗ ಮೇಸ್ತ್ರಿ, ‘ಯಾಕೆ, ನಿಂಗೆ ಕಣ್ಣಿಲ್ವಾ’ ಎಂದಿದ್ದ. ಈಗ ಬ್ಯಾಂಡೇಜು ಬಿಚ್ಚುವ ಮೊದಲೇ ಊರಿಗೆ ಊರೇ ಕೇಳತೊಡಗಿತು. ಎಬೊ, ಏನ್ ಮಾಡ್ಬೇಕು ಅಂತಿದ್ದೀಯ? ಎಬೊ, ಹಳೇ ಟ್ಯಾಕ್ಸಿ ಒಂದಿದೆ ನೋಡ್ತೀಯ? ಎಬೊ, ಚರ್ಚಿನ ಚಾವಣಿ ಸೋರ್ತಿದೆ. ಹತ್ತು ಬೆರಳಿದ್ದಾಗ ನನಗೆ ಬುದ್ಧಿ ಇತ್ತೆಂದು ಯಾರಿಗೂ ಅನಿಸಿರಲಿಲ್ಲ. ಏಳಾದ ಮೇಲೆ ಎಲ್ಲರಿಗೂ ನನ್ನ ಬುದ್ಧಿಯದೇ ಚಿಂತೆ.

ಚೆಕ್ಕು ಕೊಟ್ಟ ದಿನ ಕಾರ್ಮಿಕ ಕಚೇರಿಯ ಗುಮಾಸ್ತೆ ಒಂದು ವಿಳಾಸ ಬರೆದುಕೊಟ್ಟಳು. ಮಾರುಕಟ್ಟೆ ವೃತ್ತದ ಔಷಧಿ ಅಂಗಡಿಯ ಮೇಲೆ ಅಕೋಫಾ ಎಂಬ ಹೆಂಗಸಿನ ಕಚೇರಿ ಇದೆ, ಇಷ್ಟು ದುಡ್ಡು ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ಆಕೆ ಹೇಳುತ್ತಾಳೆ, ಏನನ್ನೂ ಮಾರುವುದಿಲ್ಲ, ಫೀಸು ತೆಗೆದುಕೊಳ್ಳುತ್ತಾಳೆ ಎಂದಳು.

ಹೋದೆ. ಸಣ್ಣ ಕೋಣೆ, ಒಂದು ಮೇಜು, ಒಂದು ಫ್ಯಾನು. ಅಕೋಫಾಗೆ ನಲವತ್ತರ ಮೇಲಿರಬಹುದು. ವೋಲ್ಟಾದ ಕಡೆಯವಳು, ನಮ್ಮ ಫಾಂಟೆ ಮಾತನ್ನು ಎಣಿಸಿ ಎಣಿಸಿ ಆಡುತ್ತಿದ್ದಳು.

“ಏಳುನೂರು ಸೆಡಿ,” ಎಂದಳು. “ಮೂರು ಸಲ ಕೂತು ಮಾತಾಡೋಣ. ದುಡ್ಡು ಮೊದಲು.”

“ಏಳುನೂರಕ್ಕೆ ನನ್ನ ದುಡ್ಡನ್ನ ಎಷ್ಟು ದಿನ ಇಟ್ಕೊಂಡಿರ್ತೀರ?”

“ಒಂದು ದಿನಾನೂ ಇಲ್ಲ. ನಿನ್ನ ದುಡ್ಡು ನಾನು ಮುಟ್ಟೋದೇ ಇಲ್ಲ.”

“ಮುಟ್ಟೋದಿಲ್ವಾ?”

“ಇಲ್ಲ.”

“ಮತ್ತೆ ನಾನು ಕೊಡೋದು ಯಾತಕ್ಕೆ?”

“ಮಾತಿಗೆ.”

ನಾನು ಆಕೆಯ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ನಮ್ಮಲ್ಲಿ ದುಡ್ಡು ಕಾಯುವವನಿಗೆ ಕೂಲಿ ಕೊಡುವುದು ಹೊಸದೇನಲ್ಲ. ದಿನಾ ಬೆಳಿಗ್ಗೆ ಎಗ್ಯಾ ಬೊಟ್ವೆ ಅಮ್ಮನ ಒಲೆಯ ಹತ್ತಿರ ಬರುತ್ತಾನೆ. ಸುಸು, ಅಂದರೆ ದಿನದ ಉಳಿತಾಯದ ದುಡ್ಡು, ಎತ್ತುವ ಮುದುಕ. ಅಮ್ಮ ಇಪ್ಪತ್ತು ಸೆಡಿ ಕೊಡುತ್ತಾಳೆ, ಅವನು ಅವಳ ಚೀಟಿಯಲ್ಲಿ ಒಂದು ಚೌಕಕ್ಕೆ ಗುರುತು ಹಾಕುತ್ತಾನೆ. ಚೀಟಿಯಲ್ಲಿ ಮೂವತ್ತೊಂದು ಚೌಕ. ತಿಂಗಳು ತುಂಬಿದಾಗ ಮೂವತ್ತು ಚೌಕದ ದುಡ್ಡು ಅಮ್ಮನಿಗೆ, ಒಂದು ಚೌಕದ್ದು ಅವನಿಗೆ. ಅಷ್ಟೇ. ತಿಂಗಳಿಡೀ ದುಡ್ಡು ಕಳ್ಳರಿಂದ, ನೆಂಟರಿಂದ, ಅಮ್ಮನದೇ ಕೈಯಿಂದ ಕಾಪಾಡಿದ್ದಕ್ಕೆ ಆ ಚೌಕ. ಕೆಲಸ ಮೊದಲು, ಕೂಲಿ ಆಮೇಲೆ. ಇವಳು ನೋಡಿದರೆ ದುಡ್ಡು ಮುಟ್ಟುವುದಿಲ್ಲವಂತೆ, ಕಾಯುವುದಿಲ್ಲವಂತೆ, ಕೂಲಿ ಮಾತ್ರ ಮೊದಲು ಬೇಕಂತೆ.

“ನಾನೂ ಮಾತಾಡ್ತೀನಿ ಕೇಳಿ,” ಎಂದೆ. “ಕುಡಿಬೇಡ, ಜೂಜಾಡಬೇಡ, ಉಳಿಸು. ತಗೊಳ್ಳಿ, ಮೂರು ಮಾತಾಯ್ತು. ಏಳುನೂರು ಕೊಡಿ.”

“ಮೂರೂ ಒಳ್ಳೇ ಮಾತೇ. ಆದ್ರೆ ನಿನ್ನ ಕೈ ಬಗ್ಗೆ ಒಂದೂ ಇಲ್ಲ.”

“ನನ್ನ ಕೈ ವಿಷ್ಯ ಎತ್ತಬೇಡಿ. ಬೆರಳು ಕಳ್ಕೊಂಡೋನ ಮುಂದೆ ಕೂತು ಕೈಚಾಚೋಕೆ ನಾಚಿಕೆ ಆಗಲ್ವಾ ನಿಮಗೆ?”

ಎದ್ದು ಬಂದೆ. ಬರುವಾಗ ಬಾಗಿಲನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಮೇಲಿನ ತಿರುಗಣೆ ಕಿತ್ತು ಬಾಗಿಲು ಓರೆಯಾಗಿ ನಿಂತಿತು. ಹಿಂದಿನಿಂದ ಆಕೆ ಶಾಂತವಾಗಿ, “ಅದು ಮೊದಲೇ ಸಡಿಲ ಇತ್ತು, ಹೋಗು,” ಎಂದಳು. ಆ ಶಾಂತಿ ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಎರಡು ದಿನ ಕಳೆದ ಮೇಲೆ ಉಳಿತಾಯ ಯೋಜನೆ ಮಾರುವ ಕಂಪನಿಯೊಂದರ ಏಜೆಂಟ್ ಲ್ಯಾಂಪ್ಟೆ ಬಂದ. ಉದ್ದ ತೋಳಿನ ಬಿಳಿ ಅಂಗಿ, ಕೆಂಪು ಟೈ, ಕಂಕುಳಲ್ಲಿ ಚರ್ಮದ ಚೀಲ, ಹಿಂದೆ ಟ್ಯಾಕ್ಸಿಯವನು ಹೊತ್ತು ತಂದ ಮಾಲ್ಟ್ ಪಾನೀಯದ ಬಾಟಲಿಗಳ ಒಂದು ಪೆಟ್ಟಿಗೆ. ನನ್ನ ವಿಳಾಸ ಇವನಿಗೆ ಹೇಗೆ ಸಿಕ್ಕಿತು ಎಂದು ಆ ದಿನ ನಾನು ಕೇಳಲಿಲ್ಲ. ಮಿಲ್ಲಿನ ಲೆಕ್ಕದ ಗುಮಾಸ್ತನಿಗೆ ಇವನು ತಲೆಗಿಷ್ಟು ಎಂದು ಕೊಡುತ್ತಾನೆಂದು ಆಮೇಲೆ ಗೊತ್ತಾಯಿತು. ತಲೆಗಲ್ಲ, ಬೆರಳಿಗಿಷ್ಟು ಎನ್ನಬೇಕು.

“ತಾಯಿ, ನಿಮ್ಮ ಕೆಂಕೆ ರುಚಿ ಅಕ್ರಾದವರೆಗೂ ಗೊತ್ತು,” ಎಂದ ಅಮ್ಮನಿಗೆ. ಅಮ್ಮ ಕರಿದ ಮೀನು, ಅರೆದ ಮೆಣಸು ಜೊತೆಗಿಟ್ಟು ಎರಡು ಕೆಂಕೆ ಬಡಿಸಿದಳು. ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಎರಡನ್ನೂ ಮುಗಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಮಗಾ, ಯಾರಾದ್ರೂ ನಿನ್ನ ಹತ್ರ ಸಲಹೆಗೆ ಅಂತ ದುಡ್ಡು ಕೇಳಿದ್ರಾ?” ಎಂದ.

“ಒಬ್ಬಳು ಏಳುನೂರು ಕೇಳಿದ್ಲು.”

ಲ್ಯಾಂಪ್ಟೆ ತಲೆ ಅಲ್ಲಾಡಿಸಿದ. ತನ್ನ ಮನೆಯಲ್ಲೇ ಸಾವಾದವನ ಹಾಗೆ ಮುಖ ಮಾಡಿದ. “ಇಂಥೋರಿಂದಲೇ ನಮ್ಮ ದೇಶ ಹಿಂಗಿರೋದು. ನಾನು ಒಂದು ಪೆಸೆವಾನೂ ಮುಟ್ಟಲ್ಲ. ಇದು ಸೇವೆ.”

ಯೋಜನೆಯ ಹೆಸರು ಬಂಗಾರದ ಕೈ. ಹತ್ತು ವರ್ಷದ್ದು. ಐವತ್ತನಾಲ್ಕು ಸಾವಿರ ಹಾಕಿದರೆ ಹತ್ತು ವರ್ಷಕ್ಕೆ ಎಷ್ಟಾಗುತ್ತದೆ ಎಂದು ಅವನು ತೋರಿಸಿದ ಸಂಖ್ಯೆಯಲ್ಲಿ ಸೊನ್ನೆಗಳು ಬೇಕಾದಷ್ಟಿದ್ದವು. ನಾನು ಏಳನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು. ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆಯುತ್ತೇನೆ, ಅಂಗಡಿ ಬೋರ್ಡು ಓದುತ್ತೇನೆ, ಸೊನ್ನೆ ಎಣಿಸುತ್ತೇನೆ.

“ಮಧ್ಯದಲ್ಲಿ ಬೇಕಾದ್ರೆ?” ಎಂದು ಕೇಳಿದ್ದು ಅಮ್ಮ.

“ನಿಮ್ಮ ದುಡ್ಡು ತಾಯಿ ಅದು. ಯಾವಾಗ ಬೇಕಾದ್ರೂ ಬಂದು ಕೇಳಿ.”

ಜುಲೈ ಒಂದನೇ ತಾರೀಖು ಸಹಿ ಹಾಕಿದೆ. ಚೆಕ್ಕು ಅವನ ಚರ್ಮದ ಚೀಲದೊಳಗೆ ಹೋಯಿತು. ಏಳುನೂರು ಉಳಿಸಿದೆ ಎಂದು ಆ ದಿನ ನಾನು ಎದೆ ಉಬ್ಬಿಸಿಕೊಂಡು ತಿರುಗಿದ್ದು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕಾಗದ ತಕ್ಷಣ ಬರಲಿಲ್ಲ. ಒಂಬತ್ತನೇ ತಾರೀಖು ಬೆಳಿಗ್ಗೆ ಲ್ಯಾಂಪ್ಟೆ ತಂದುಕೊಟ್ಟ. ಹದಿನಾರು ಪುಟ, ಹೊಳೆಯುವ ಹೊದಿಕೆ, ಅದರ ಮೇಲೆ ಐದೂ ಬೆರಳಿರುವ ಒಂದು ಬಂಗಾರದ ಕೈ. ಎಗ್ಯಾ ಬೊಟ್ವೆ ಆಗ ಒಲೆಯ ಪಕ್ಕ ಕೂತು ಅಮ್ಮನ ಚೀಟಿಗೆ ಗುರುತು ಹಾಕುತ್ತಿದ್ದ. ನಮ್ಮ ಮನೆಗೆ ಅಕ್ಕಿ ಮೂಟೆ ಬರಲಿ, ಸೌದೆ ಗಾಡಿ ಬರಲಿ, ಸುಸು ಚೀಟಿಯ ಹಿಂದೆ ಒಂದು ಗುರುತು ಬೀಳಲೇಬೇಕು. ಅಮ್ಮನಿಗೆ ಓದಲು ಬಾರದು, ಆ ಚೀಟಿಯೊಂದೇ ಅವಳು ನಂಬುವ ಕಾಗದ.

“ಸ್ವಾಮೀ, ಇದರ ಹಿಂದೆ ನಿಮ್ಮ ಕೈ ಗುರುತು ಹಾಕಿ,” ಎಂದಳು ಲ್ಯಾಂಪ್ಟೆಗೆ. “ಇವತ್ತು ಹುಡುಗನ ಕಾಗದ ಬಂತು ಅಂತ.”

“ಇದ್ರ ಮೇಲಾ?” ಲ್ಯಾಂಪ್ಟೆ ನಕ್ಕ. ಎಣ್ಣೆ ಕಲೆಯ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದ. ಆದರೆ ಅವನ ಜೇಬಿನಲ್ಲಿ ಕಂಪನಿಯ ಹೆಸರು, ಅವನ ನಂಬರು, ತಿರುಗಿಸಿದರೆ ಬದಲಾಗುವ ತಾರೀಖು ಇರುವ ಒಂದು ಪುಟ್ಟ ಮೊಹರಿತ್ತು. ಅದನ್ನು ಹತ್ತು ಜನರೆದುರು ತೆಗೆಯುವುದೆಂದರೆ ಅವನಿಗೆ ಪ್ರಾಣ. ಟಪ್ಪೆಂದು ಒತ್ತಿ, ಮೇಲೊಂದು ಬಾಲದ ಸಹಿ ಎಳೆದ.

ಎಗ್ಯಾ ಬೊಟ್ವೆ ಕನ್ನಡಕದ ಮೇಲಿಂದ ನೋಡುತ್ತ ಕೇಳಿದ, “ಯಾವ ಚೌಕ ನಿಂದು, ಸ್ವಾಮಿ?”

“ನಂದಾ? ನಂದು ಯಾವುದೂ ಇಲ್ಲ ಅಜ್ಜಾ. ನಾನು ಏನೂ ತಗೊಳಲ್ಲ.”

“ಏನೂ ತಗೊಳಲ್ವಾ?”

“ಏನೂ ಇಲ್ಲ.”

ಲ್ಯಾಂಪ್ಟೆ ಹೋದ ಮೇಲೆ ಮುದುಕ ಪೆನ್ನಿನ ಮುಚ್ಚಳ ಹಾಕಿ, “ಅರಾಬಾ,” ಎಂದು ಅಮ್ಮನನ್ನು ಕರೆದ, “ಮೀನು ಮಾರ್ಕೆಟ್ಟಿನ ಆ ತೆಳ್ಳಗಿನ ಮನುಷ್ಯ ನೆನಪಿದಾನಾ ನಿಂಗೆ?”

ಅಮ್ಮ ಹಿಟ್ಟು ಕಟ್ಟುವುದು ನಿಲ್ಲಿಸಿದಳು.

ನಾನು ಹುಟ್ಟುವ ಮೊದಲಿನ ಮಾತು ಅದು. ಹೊಸಬನೊಬ್ಬ ಸುಸು ಎತ್ತಲು ಬಂದಿದ್ದನಂತೆ. ತಾನು ಚೌಕ ತೆಗೆದುಕೊಳ್ಳುವುದಿಲ್ಲ, ಮೂವತ್ತೊಂದೂ ನಿಮ್ಮದೇ ಎಂದನಂತೆ. ಮೀನು ಮಾರುವ ಹೆಂಗಸರೆಲ್ಲ ಎಗ್ಯಾನನ್ನು ಬಿಟ್ಟು ಅವನ ಹಿಂದೆ ಹೋದರು. ಮೂರು ತಿಂಗಳಿಗೆ ಅವನು ಗಡಿ ದಾಟಿ ಅಬಿಜಾನ್ ಸೇರಿದ. ಅಮ್ಮನ ಮದುವೆಗೆಂದು ಕೂಡಿಟ್ಟ ದುಡ್ಡೂ ಅವನ ಜೊತೆಗೇ ಹೋಯಿತು.

“ಮೂವತ್ತೊಂದು ವರ್ಷ ಆಯ್ತು ನಾನು ಈ ರಸ್ತೆ ಸುತ್ತೋಕೆ ಶುರು ಮಾಡಿ,” ಎಂದ ಎಗ್ಯಾ. “ಹೊಟ್ಟೆ ಇರೋನು ಚೌಕ ಬೇಡ ಅಂದ್ರೆ ನಂಗೆ ಹೆದರಿಕೆ ಆಗತ್ತೆ.”

“ನಿಂಗೆ ಹೊಟ್ಟೆಕಿಚ್ಚು ಮುದುಕಾ,” ಎಂದೆ ನಾನು. “ನನ್ನ ದುಡ್ಡು ನಿನ್ನ ಹತ್ರ ಬರಲಿಲ್ಲ ಅಂತ. ಅವನ ಕಂಪನಿಗೆ ನಾಲ್ಕು ಅಂತಸ್ತಿನ ಕಟ್ಟಡ ಇದೆ. ನಿಂಗೇನಿದೆ, ಒಂದು ಸೈಕಲ್ಲು.”

“ಆ ಸೈಕಲ್ ಯಾರ ದುಡ್ಡಿಂದ ಬಂತು ಅಂತ ನಿಮ್ಮಮ್ಮಂಗೆ ಗೊತ್ತು. ಆ ಕಟ್ಟಡ ಯಾರ ದುಡ್ಡಿಂದ ಬಂತು ಅಂತ ನಿಂಗೆ ಗೊತ್ತಾ?”

ಅಮ್ಮ ನಮ್ಮಿಬ್ಬರ ನಡುವೆ ಬಾಯಿ ಹಾಕಿದಳು. “ಆಗಿದ್ದು ಆಯ್ತು. ಈ ತಿಂಗಳು ತುಂಬಲಿ. ಮೂವತ್ತೊಂದಕ್ಕೆ ಹೋಗಿ ದುಡ್ಡು ವಾಪಸ್ ಕೇಳು. ಕೊಟ್ರೆ ಒಳ್ಳೇ ಮನುಷ್ಯ, ಮತ್ತೆ ಅಲ್ಲೇ ಇಡು. ಕೊಡದಿದ್ರೆ ಗೊತ್ತಾಗತ್ತೆ.”

“ಇವತ್ತೇ ಹೋದ್ರೆ?”

“ಚೀಟಿ ಮಧ್ಯದಲ್ಲಿ ಮುರಿಯೋದಾ? ಮಾನ ಇರೋ ಜನ ಮಾಡೋ ಕೆಲಸಾನಾ ಅದು?”

ಎಗ್ಯಾ ಕೂಡ ತಲೆಯಾಡಿಸಿದ. ತಿಂಗಳು ತುಂಬುವ ಮೊದಲು ಸುಸು ದುಡ್ಡು ಕೇಳುವುದೆಂದರೆ ಎತ್ತುವವನನ್ನು ಕಳ್ಳ ಎಂದು ಬೀದಿಯಲ್ಲಿ ಕೂಗಿದ ಹಾಗೆ. ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಆದ್ದರಿಂದ ಮೂವರೂ, ಲ್ಯಾಂಪ್ಟೆಯ ಮೇಲೆ ಸಂಶಯ ಇಟ್ಟುಕೊಂಡೇ, ಅವನ ಮಾನ ಕಾಯುತ್ತ ಮೂವತ್ತೊಂದನೇ ತಾರೀಖಿನವರೆಗೆ ಕಾದೆವು.

ಮೂವತ್ತೊಂದಕ್ಕೆ ಆ ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಹೋದೆ. ಒಳಗೆ ಮೈ ನಡುಗುವಷ್ಟು ತಣ್ಣಗಿತ್ತು. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, “ಮೂವತ್ತಾರು ಸಾವಿರ ಬರತ್ತೆ ಅಣ್ಣ,” ಎಂದಳು.

“ಐವತ್ತನಾಲ್ಕು ಕೊಟ್ಟಿದ್ದೀನಿ.”

“ಹೌದು. ಮೂವತ್ತು ದಿನದೊಳಗೆ ಬಂದಿದ್ರೆ ಪೂರ್ತಿ ವಾಪಸ್ ಬರ್ತಿತ್ತು. ನಿನ್ನೆಗೆ ಮೂವತ್ತು ಮುಗೀತು.”

“ನಿನ್ನೆ?”

“ನಿನ್ನೆ.”

“ಯಾವಾಗ ಬೇಕಾದ್ರೂ ಬಂದು ಕೇಳಿ ಅಂದಿದ್ನಲ್ಲ ಲ್ಯಾಂಪ್ಟೆ?”

“ಕೇಳಬಹುದಲ್ಲ ಅಣ್ಣ. ಕೇಳೋಕೆ ಯಾರೂ ಬೇಡ ಅನ್ನಲ್ಲ.”

ಹದಿನೆಂಟು ಸಾವಿರ. ಸರಿಯಾಗಿ ಒಂದು ಬೆರಳು. ಮಿಲ್ಲಿನಲ್ಲಿ ಹೋದಾಗ ಕೊನೇಪಕ್ಷ ರಕ್ತವಾದರೂ ಕಂಡಿತ್ತು, ಪಕ್ಕದವನು ಓಡಿಬಂದು ಅಂಗಿ ಹರಿದು ಕಟ್ಟಿದ್ದ. ಇಲ್ಲಿ ಅದೇ ಬೆರಳು ಎರಡನೇ ಸಲ ಹೋಗುತ್ತಿದ್ದರೆ ಪಕ್ಕದ ಸಾಲಿನವರು ತಣ್ಣನೆ ಗಾಳಿ ತಪ್ಪಿಸಿಕೊಳ್ಳಲು ಜಾಗ ಬದಲಿಸಿಕೊಳ್ಳುತ್ತಿದ್ದರು. ನಾನು ಕೂಗಾಡಿದೆ. ಕಾವಲುಗಾರ ಬಂದು ನನ್ನ ಒಳ್ಳೆಯ ಕೈ ಹಿಡಿದು ಹೊರಗೆ ಬಿಟ್ಟ. ಅವನ ಸೌಜನ್ಯ ಅದು, ಕೆಟ್ಟ ಕೈ ಹಿಡಿಯಲಿಲ್ಲ.

ಅಲ್ಲಿಂದ ಕಾಲುಗಳು ಎಲ್ಲಿಗೆ ಹೋದವೆಂದು ಹೇಳಬೇಕಾಗಿಲ್ಲ. ಅಕೋಫಾಳ ಬಾಗಿಲು ಇನ್ನೂ ಒಂದೇ ತಿರುಗಣೆಯಲ್ಲಿ ಓರೆಯಾಗಿ ನಿಂತಿತ್ತು.

“ಏಳುನೂರು,” ಎಂದಳು. “ಜೊತೆಗೆ ತಿರುಗಣೆಗೆ ನಲವತ್ತು.”

ಖರ್ಚಿಗೆಂದು ಅಮ್ಮನ ಹತ್ತಿರ ಎರಡು ಸಾವಿರ ಸಾಲವಾಗಿ ಪಡೆದಿದ್ದೆ. ಏಳುನೂರನ್ನು ಮೇಜಿನ ಮೇಲೆ ಎಸೆದೆ. “ತಿರುಗಣೆ ನಾನೇ ಹಾಕಿಕೊಡ್ತೀನಿ. ಒಂದು ಮಾತು ಹೇಳಿ ನಂಗೆ. ಸುಳ್ಳು ಹೇಳೋನು ಮನೆಗೇ ಬಂದು ಪುಕ್ಕಟೆ ಹೇಳ್ತಾನೆ, ಜೊತೆಗೆ ಮಾಲ್ಟ್ ಬೇರೆ ಕೊಡ್ತಾನೆ. ನಿಜ ಬೇಕು ಅಂದ್ರೆ ಮೂರು ಮಹಡಿ ಹತ್ತಿ ಏಳುನೂರು ಕೊಡ್ಬೇಕು. ಇದ್ಯಾವ ನ್ಯಾಯ? ನಮ್ಮಂಥೋರು ಏನ್ ಮಾಡ್ಬೇಕು?”

“ನ್ಯಾಯ ಅಂತ ನಾನೆಲ್ಲಿ ಅಂದೆ?” ಎಂದಳು. “ಈ ಕೋಣೆಗೆ ಬಾಡಿಗೆ ಇದೆ. ಆ ಕಂಪನಿ ನಂಗೆ ಬಾಡಿಗೆ ಕಟ್ಟಲ್ಲ, ಅವನಿಗೆ ಕಟ್ಟತ್ತೆ. ಅಷ್ಟೇ ವ್ಯತ್ಯಾಸ. ಕಾಗದ ಕೊಡು.”

ಅವಳು ಓದುತ್ತಿದ್ದಷ್ಟು ಹೊತ್ತು ನಾನು ತಿರುಗಣೆ ಬಿಚ್ಚಿದೆ. ಔಷಧಿ ಅಂಗಡಿಯಿಂದ ಸ್ಕ್ರೂಡ್ರೈವರ್ ತಂದೆ, ಎಡಗೈಯಲ್ಲಿ ಉಳಿದ ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಸ್ಕ್ರೂ ಸಿಕ್ಕಿಸಿ ಬಲಗೈಯಲ್ಲಿ ತಿರುಗಿಸಿದೆ. ಮೂರು ಸಲ ಬಿತ್ತು. ನಾಲ್ಕನೇ ಸಲ ಕೂತಿತು. ತಿರುಗಿ ನೋಡಿದರೆ ಅವಳು ಕಾಗದ ಬಿಟ್ಟು ನನ್ನ ಕೈ ನೋಡುತ್ತಿದ್ದಳು.

“ಹನ್ನೊಂದನೇ ಪುಟ,” ಎಂದಳು. “ಮೂವತ್ತು ದಿನ ಅಂತಿದೆ, ನಿಜ. ಆದ್ರೆ ಸಹಿ ಹಾಕಿದ ದಿನದಿಂದ ಅಲ್ಲ. ಈ ಕಾಗದ ನಿನ್ನ ಕೈಗೆ ಬಂದ ದಿನದಿಂದ. ಯಾವತ್ತು ಬಂತು?”

“ಒಂಬತ್ತು.”

“ಹಾಗಾದ್ರೆ ಇನ್ನೂ ಒಂದು ವಾರ ಇದೆ. ಅವರ ಪುಸ್ತಕದಲ್ಲಿ ಒಂದನೇ ತಾರೀಖೇ ಕೊಟ್ಟಿದ್ದೀವಿ ಅಂತ ಬರ್ಕೊಂಡಿರ್ತಾರೆ. ಒಂಬತ್ತಕ್ಕೆ ಬಂತು ಅನ್ನೋಕೆ ನಿನ್ನ ಹತ್ರ ಏನಾದ್ರೂ ಇದೆಯಾ? ಬಾಯಿಮಾತು ನಡೆಯಲ್ಲ.”

ಮೂರು ಮಹಡಿ ಇಳಿದು ಓಡಿದೆ.

ಅಮ್ಮ ಒಲೆ ಮುಂದೆ ಬೆವರುತ್ತಿದ್ದಳು. “ಚೀಟಿ ಎಲ್ಲಿ?”

“ತಿಂಗಳು ತುಂಬ್ತಲ್ಲ. ಬೆಳಿಗ್ಗೆನೇ ಎಗ್ಯಾ ತಗೊಂಡು ಹೋದ.”

ತುಂಬಿದ ಚೀಟಿಗಳನ್ನು ಎಗ್ಯಾ ಲೆಕ್ಕ ಚುಕ್ತಾ ಮಾಡಿ ಹರಿದುಹಾಕುತ್ತಾನೆ. ಹಳೇ ಚೀಟಿ ತೋರಿಸಿ ಯಾರೂ ಎರಡನೇ ಸಲ ದುಡ್ಡು ಕೇಳಬಾರದೆಂದು. ಮೀನು ಮಾರ್ಕೆಟ್ಟಿನ ಹಿಂದೆ ಅವನನ್ನು ಹಿಡಿದೆ. ಮಡಿಲಲ್ಲಿ ಚೀಟಿಗಳ ಕಟ್ಟು, ಕಾಲಬಳಿ ಹರಿದ ಚೂರುಗಳ ರಾಶಿ.

“ಅಮ್ಮನ ಚೀಟಿ ಹರಿದ್ಯಾ?”

“ಯಾಕೋ, ಹೊಟ್ಟೆಕಿಚ್ಚಿನ ಮುದುಕನ ಹತ್ರ ಏನ್ ಕೆಲಸ ನಿಂಗೆ?”

“ಎಗ್ಯಾ, ಕಾಲಿಗೆ ಬೀಳ್ತೀನಿ. ಹರಿದ್ಯಾ?”

ಮುದುಕ ಕಟ್ಟನ್ನು ಒಂದೊಂದಾಗಿ ತಿರುವಿದ. ಬೇಕೆಂದೇ ನಿಧಾನ ಮಾಡಿದ. ಕೊನೆಯಿಂದ ಮೂರನೆಯದು ಅಮ್ಮನದು. ಹಿಂದೆ ಲ್ಯಾಂಪ್ಟೆಯ ಮೊಹರು ನೀಲಿಯಾಗಿ, ಸ್ಪಷ್ಟವಾಗಿ, ಒಂಬತ್ತು ಜುಲೈ ಎಂದು ಕೂತಿತ್ತು. ನಾನು ಕೈ ಚಾಚಿದೆ. ಅವನು ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡ.

“ಮೊದಲು ನನ್ನ ಚೌಕ,” ಎಂದು ಅಮ್ಮನ ದುಡ್ಡಿನಿಂದ ಇಪ್ಪತ್ತು ಸೆಡಿ ನನ್ನ ಕಣ್ಣೆದುರೇ ತೆಗೆದು ಜೇಬಿಗಿಟ್ಟ. ಉಳಿದ ಆರುನೂರನ್ನೂ ಚೀಟಿಯನ್ನೂ ನನ್ನ ಕೈಗೆ ಕೊಟ್ಟ. “ಈಗ ತಗೊಂಡು ಹೋಗು.”

ಮರುದಿನ ಆ ತಣ್ಣನೆ ಕಟ್ಟಡಕ್ಕೆ ನಾವು ಮೂವರು ಹೋದೆವು. ಅಕೋಫಾ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಿದ್ದಳು, ಎರಡು ಪ್ರತಿ. ಅಮ್ಮ ಹುಳಿ ಹಿಟ್ಟಿನ ವಾಸನೆಯ ಬಟ್ಟೆಯಲ್ಲೇ ಬಂದಳು. ಬದಲಿಸು ಎಂದರೆ, “ಆ ಮನುಷ್ಯ ಉಂಡಿದ್ದು ಈ ಬಟ್ಟೆಯವಳ ಕೈಯಿಂದಲೇ,” ಎಂದಳು.

ಮ್ಯಾನೇಜರು ಸುಸು ಚೀಟಿಯನ್ನು ಮೇಜಿನ ಮೇಲಿಟ್ಟು ನಕ್ಕ. “ಮೇಡಂ, ಇದನ್ನ ದಾಖಲೆ ಅಂತೀರಾ? ಮೀನಿನ ವಾಸನೆ ಬರ್ತಿದೆ.”

“ಕೆಂಕೆ ವಾಸನೆ,” ಎಂದಳು ಅಮ್ಮ. “ಮೂಗು ಸರಿ ಇಲ್ಲ ನಿಮಗೆ.”

“ಮೊಹರು ಯಾರದು ಸಾರ್?” ಎಂದಳು ಅಕೋಫಾ.

ಮ್ಯಾನೇಜರು ಚೀಟಿಯನ್ನು ಬೆಳಕಿಗೆ ಹಿಡಿದ. ನಗು ನಿಂತಿತು. ಲ್ಯಾಂಪ್ಟೆಯನ್ನು ಕರೆಸಿದ. ಲ್ಯಾಂಪ್ಟೆ ಅಮ್ಮನನ್ನು ಕಂಡು, “ತಾಯೀ, ಹೇಗಿದ್ದೀರಿ,” ಎಂದ. ಆಮೇಲೆ ಚೀಟಿ ಕಂಡ. ನೆನಪಿಲ್ಲ ಎಂದ. ಯಾರೋ ಮೊಹರು ಕದ್ದಿರಬೇಕು ಎಂದ. ಕೊನೆಗೆ ನನ್ನ ಕಡೆ ತಿರುಗಿ, ಅವನಿಗೇ ಅನ್ಯಾಯವಾದ ಹಾಗೆ ಧ್ವನಿ ಎತ್ತರಿಸಿದ.

“ನಾನು ಪುಕ್ಕಟೆ ಮಾಡ್ಕೊಟ್ಟೆ. ಈಯಮ್ಮಂಗೆ ಏಳುನೂರು ಕೊಟ್ಟಿದ್ದೀಯಲ್ಲ, ನಿಂಗೆ ಬುದ್ಧಿ ಇದೆಯಾ? ಒಂದು ಪುಟ ಓದೋಕೆ ಏಳುನೂರಾ?”

ನಾನು ಎದ್ದು ನಿಂತೆ. ಅವನ ಟೈ ನನ್ನ ಬಲಗೈಗೆ ಎಟುಕುವಷ್ಟು ಹತ್ತಿರ ಇತ್ತು. ಅಮ್ಮ ನನ್ನ ಅಂಗಿಯ ತುದಿ ಹಿಡಿದೆಳೆದು ಕೂರಿಸಿದಳು, ತಾನು ಎದ್ದಳು.

“ಸ್ವಾಮೀ, ಇವಳ ಚೌಕ ಏಳುನೂರು. ಮೊದಲೇ ಹೇಳಿದ್ಲು, ಹೇಳಿದ್ದಕ್ಕೆ ನನ್ನ ಮಗ ಬಾಗಿಲು ಮುರಿದು ಬಂದ. ನಿಮ್ಮ ಚೌಕ ಯಾವುದು ಅಂತ ಮುದುಕ ಅವತ್ತೇ ಕೇಳಿದ. ಇಲ್ಲ ಅಂದ್ರಿ. ಹದಿನೆಂಟು ಸಾವಿರದಲ್ಲಿ ನಿಮ್ಮದು ಎಷ್ಟು, ಇವರದು ಎಷ್ಟು ಅಂತ ಈಗ ಹೇಳಿ. ಕೇಳಿಸ್ಕೊಂಡು ಹೋಗ್ತೀನಿ. ಒಲೆ ಮೇಲೆ ಪಾತ್ರೆ ಇದೆ.”

ಮ್ಯಾನೇಜರು ಅಕೋಫಾಳ ಪತ್ರವನ್ನು ತನ್ನ ಕಡೆಗೆ ಎಳೆದುಕೊಂಡ. ಅಮ್ಮ ಪಾತ್ರೆಯ ನೆನಪಿದ್ದರೂ ಮತ್ತೆ ಕೂತಳು. ಅವಳು ಏಳುವ ಹೊತ್ತಿಗೆ ಮ್ಯಾನೇಜರು ಪತ್ರದ ಎರಡನೇ ಪ್ರತಿಗೆ ಸಹಿ ಹಾಕಿಕೊಟ್ಟಿದ್ದ. ಹನ್ನೆರಡು ದಿನಕ್ಕೆ ದುಡ್ಡು ಬಂತು. ಯಾವುದೋ ಮುದ್ರಾಂಕದ ಖರ್ಚೆಂದು ಅರವತ್ತು ಸೆಡಿ ಹಿಡಿದುಕೊಂಡಿದ್ದರು. ಆ ಅರವತ್ತು ಇವತ್ತಿಗೂ ನನ್ನ ಗಂಟಲಲ್ಲಿದೆ. ಲ್ಯಾಂಪ್ಟೆಗೆ ಏನೂ ಆಗಲಿಲ್ಲ. ಅದೇ ಟೈ, ಅದೇ ಚೀಲ.

ಅಕೋಫಾಳ ಜೊತೆ ಇನ್ನೂ ಎರಡು ಸಲ ಕೂರುವುದಿತ್ತು. ಏಳುನೂರು ಕೊಟ್ಟಾಗಿದೆ, ಬಿಡುವವನು ನಾನಲ್ಲ, ಹೋದೆ. ದೊಡ್ಡ ಗುಟ್ಟೇನೋ ಹೇಳುತ್ತಾಳೆ ಎಂದುಕೊಂಡಿದ್ದೆ. ಆರು ತಿಂಗಳು ಏನನ್ನೂ ಕೊಳ್ಳಬೇಡ ಎಂದಳು. ದುಡ್ಡನ್ನು ಸರ್ಕಾರದ ಮೂರು ತಿಂಗಳ ಸಾಲಪತ್ರದಲ್ಲಿ ಹಾಕು ಎಂದಳು.

“ಇಷ್ಟೇನಾ?” ಎಂದೆ.

“ಇಷ್ಟೇ. ಈಗ ನೀನು ಹೇಳು. ಆ ಕೈಯಲ್ಲಿ ಏನೇನು ಮಾಡೋಕಾಗತ್ತೆ?”

ಆಸ್ಪತ್ರೆಯಲ್ಲಿ ಎಲ್ಲರೂ ಏನು ಮಾಡಲಾಗುವುದಿಲ್ಲ ಎಂದು ಪಟ್ಟಿ ಮಾಡಿದ್ದರು. ಪರಿಹಾರದ ಕಾಗದದಲ್ಲೂ ಅದೇ ಪಟ್ಟಿ, ಶೇಕಡಾ ಹಾಕಿ. ಏನು ಮಾಡಲಾಗುತ್ತದೆ ಎಂದು ಕೇಳಿದ್ದು ಇವಳೊಬ್ಬಳೇ. ಎಡಗೈಯನ್ನು ತಿರುಗಿಸಿ ನೋಡಿಕೊಂಡೆ. ಅವಳೇ ಬಾಗಿಲ ಕಡೆ ಗಲ್ಲ ತೋರಿಸಿ, “ಅದಂತೂ ಈಗ ಕಿರುಗುಟ್ಟಲ್ಲ. ಕೆಳಗಿನ ಅಂಗಡಿಯೋನು ಅವನ ಕಪಾಟಿಗೂ ಜನ ಹುಡುಕ್ತಿದ್ದಾನೆ,” ಎಂದಳು. ಆ ಕಪಾಟು ಮಾಡಿದೆ. ಆಮೇಲೆ ಅವನ ತಮ್ಮನ ಮನೆಯ ನಾಲ್ಕು ಬಾಗಿಲು.

ಅಮ್ಮ ಒಂದು ದಿನ ಹಿಟ್ಟು ಕಟ್ಟುತ್ತಲೇ ಭಾಗ ಹಾಕಿದಳು. “ಐವತ್ತನಾಲ್ಕು ಸಾವಿರಕ್ಕೆ ಏಳುನೂರು. ಎಪ್ಪತ್ತೇಳರಲ್ಲಿ ಒಂದು ಚೌಕ ಆಯ್ತು. ಎಗ್ಯಾ, ಕೇಳಿಸ್ತಾ? ನೀನು ಮೂವತ್ತೊಂದರಲ್ಲಿ ಒಂದು ತಗೋತೀಯ.”

“ಅವಳು ಬಿಸಿಲಲ್ಲಿ ಸೈಕಲ್ ತುಳೀತಾಳಾ?” ಎಂದ ಎಗ್ಯಾ, ಮುಖ ಗಂಟು ಹಾಕಿಕೊಂಡು.

ಸೆಪ್ಟೆಂಬರಿನಲ್ಲಿ ಮಿಲ್ಲಿನ ಫೀಫಿಯ ಕಾಲ ಮೇಲೆ ದಿಮ್ಮಿ ಉರುಳಿತು. ನನ್ನ ಕೈಗೆ ಅಂಗಿ ಹರಿದು ಕಟ್ಟಿದವನು ಅವನೇ. ಆಸ್ಪತ್ರೆಗೆ ಹೋದೆ. ಅವನ ಮಂಚದ ಕೆಳಗೆ ಮಾಲ್ಟ್ ಬಾಟಲಿಗಳ ಪೆಟ್ಟಿಗೆ ಇತ್ತು.

ನನ್ನ ರಕ್ತ ತಲೆಗೇರಿತು. “ಸಹಿ ಹಾಕಿದ್ಯಾ?”

“ಸೋಮವಾರ ಹಾಕ್ತೀನಿ. ಒಳ್ಳೇ ಮನುಷ್ಯ.”

“ಹಾಕ್ಬೇಡ. ಮಾರುಕಟ್ಟೆ ವೃತ್ತದಲ್ಲಿ ಅಕೋಫಾ ಅಂತ ಇದ್ದಾಳೆ. ಏಳುನೂರು ಕೊಡು, ಕಾಗದ ಓದಿಸು.”

“ಏಳುನೂರಾ? ಮಾತಿಗಾ?” ಫೀಫಿ ಪಕ್ಕದ ಮಂಚದವನ ಕಡೆ ನೋಡಿ ಕಣ್ಣು ಹೊಡೆದ. “ಬೆರಳಿನ ಜೊತೆ ಇವನ ತಲೇನೂ ಗರಗಸಕ್ಕೆ ಹೋಗಿದೆ.”

“ನಾನು ಹೇಳೋದು ಕೇಳು ಮೊದಲು. ನಂಗೆ ಆಗಿದ್ದು ಹೇಳ್ತೀನಿ.”

ಅವನು ನನ್ನನ್ನು ಮೇಲಿಂದ ಕೆಳಗೆ ಅಳೆದ. “ಎಬೊ, ನಿಜ ಹೇಳು. ಆ ಹೆಂಗಸು ನಿಂಗೆಷ್ಟು ಕೊಡ್ತಾಳೆ?”

“ಏನೂ ಕೊಡಲ್ಲ.”

“ನಂಗೆ ಹೇಳೋದ್ರಲ್ಲಿ ನಿನ್ನ ಚೌಕ ಯಾವುದು?”

“ಯಾವುದೂ ಇಲ್ಲ ಕಣೋ. ಪುಕ್ಕಟೆ ಹೇಳ್ತಿದ್ದೀನಿ.”

“ಹಂಗಾದ್ರೆ ಎದ್ದು ಹೋಗು,” ಎಂದ ಫೀಫಿ, ಗೋಡೆಯ ಕಡೆ ಮುಖ ತಿರುಗಿಸಿ. “ಏನೂ ಬೇಡ ಅನ್ನೋನ್ನ ಕಂಡ್ರೆ ನಂಗೆ ಆಗಲ್ಲ.”

ಬಾಗಿಲವರೆಗೆ ಹೋದೆ. ಹಲ್ಲು ಕಡಿದು ಕಡಿದು ದವಡೆ ನೋಯುತ್ತಿತ್ತು. ಲ್ಯಾಂಪ್ಟೆ ಏನೂ ಬೇಡ ಎಂದಾಗ ಇವನಿಗೆ ಈ ಮಾತು ಎಲ್ಲಿ ಹೋಗಿತ್ತು? ನನಗೆ ತಾನೆ ಎಲ್ಲಿ ಹೋಗಿತ್ತು? ತಿರುಗಿ ಬಂದು ಅವನ ಮಂಚದ ತುದಿಯಲ್ಲಿ ಕೂತೆ, ನೋವಾಗುವ ಕಾಲಿನ ಪಕ್ಕದಲ್ಲೇ, ಬೇಕೆಂದೇ. ಬಲಗೈ ಚಾಚಿದೆ.

“ಇಪ್ಪತ್ತು ಸೆಡಿ ಕೊಡು.”

“ಯಾಕೆ?”

“ನನ್ನ ಚೌಕ. ಕೊಡದಿದ್ರೆ ಹೇಳಲ್ಲ.”

ಫೀಫಿ ದಿಂಬಿನ ಕೆಳಗೆ ಕೈ ಹಾಕಿ, ಮಡಚಿದ ಹತ್ತರ ಎರಡು ನೋಟು ತೆಗೆದು, ಒಂದನ್ನು ಮಾತ್ರ ನನ್ನ ಅಂಗೈ ಮೇಲಿಟ್ಟ.

“ಹತ್ತು. ಹೇಳು.”

ನಾನು ಹತ್ತನ್ನು ಜೇಬಿಗಿಟ್ಟುಕೊಂಡು ಹನ್ನೊಂದನೇ ಪುಟದಿಂದ ಶುರು ಮಾಡಿದೆ.